ಮಗಳಿಗೆ ನಾಯಿಮರಿ ಬೇಕು, ಮಗನಿಗೆ ಇನ್ನೂ ನಾಲ್ಕು ವರ್ಷ: ಈಗ ತರಬಹುದಾ?

ಪ್ರಶ್ನೆ: ನಮಗೆ ಇಬ್ಬರು ಮಕ್ಕಳು. ಮಗಳಿಗೆ 9 ವರ್ಷ, ಮಗನಿಗೆ 4. ನಾಯಿಮರಿ ಬೇಕು ಅಂತ ಮಗಳು ಎಷ್ಟೋ ತಿಂಗಳಿಂದ ಹಠ ಹಿಡಿದಿದ್ದಾಳೆ. "ಊಟ ಹಾಕೋದು, ಓಡಾಡಿಸೋದು, ಗಲೀಜು ತೆಗೆಯೋದು ಎಲ್ಲ ನಾನೇ ಮಾಡ್ತೀನಿ" ಅಂತ ಬರೆದು, ಸಹಿ ಹಾಕಿ, ಗೋಡೆಗೆ ಅಂಟಿಸಿದ್ದಾಳೆ. ಮಗನಿಗೂ ನಾಯಿ ಕಂಡರೆ ಪ್ರಾಣ. ಆದರೆ ನಾಯಿ ಸಿಕ್ಕಿತು ಅಂದರೆ ಗಟ್ಟಿಯಾಗಿ ತಬ್ಬಿಕೊಳ್ಳುತ್ತಾನೆ, ಕಿವಿ ಎಳೆಯುತ್ತಾನೆ. ಮಕ್ಕಳಿಗೆ ಜವಾಬ್ದಾರಿ ಬರುತ್ತೆ, ಮಗಳ ಹುಟ್ಟುಹಬ್ಬಕ್ಕೆ ತಂದುಬಿಡೋಣ ಅಂತ ನನ್ನ ಗಂಡ ಹೇಳುತ್ತಾರೆ. ನಾವಿಬ್ಬರೂ ಕೆಲಸಕ್ಕೆ ಹೋಗುವವರು. ನನಗೆ ಧೈರ್ಯ ಸಾಲುತ್ತಿಲ್ಲ. ಮಕ್ಕಳು ಸಿದ್ಧರಾಗಿದ್ದಾರಾ ಅಂತ ತಿಳಿದುಕೊಳ್ಳೋದು ಹೇಗೆ?

ಉತ್ತರ: ನೇರವಾಗಿ ಹೇಳುತ್ತೇನೆ, ಈ ಹುಟ್ಟುಹಬ್ಬಕ್ಕೆ ಬೇಡ. ನಿಮ್ಮ ಮಗಳು ಹೆಚ್ಚುಕಡಿಮೆ ಸಿದ್ಧವಾಗಿದ್ದಾಳೆ. ಅವಳ ಆಸೆಯ ಬಗ್ಗೆ ನನಗೆ ಅನುಮಾನ ಇಲ್ಲ. ಕಾಯಬೇಕಾಗಿರುವುದು ಮಗನಿಗಾಗಿ. ಜೊತೆಗೆ, ಹಗಲು ಹೊತ್ತಿನಲ್ಲಿ ಮರಿಯನ್ನು ಯಾರು ನೋಡಿಕೊಳ್ಳುತ್ತಾರೆ ಅನ್ನುವುದಕ್ಕೆ ನಿಮ್ಮ ಪತ್ರದಲ್ಲಿ ಉತ್ತರ ಇಲ್ಲ. ಎರಡೂ ಸರಿಹೋಗುವಂಥ ವಿಷಯಗಳೇ. ಆಸೆ ಬಿಡಬೇಕಾಗಿಲ್ಲ, ಸ್ವಲ್ಪ ಮುಂದಕ್ಕೆ ಹಾಕಿದರೆ ಸಾಕು. ಯಾಕೆ ಹೀಗೆ ಹೇಳುತ್ತಿದ್ದೇನೆ ಅಂತ ವಿವರವಾಗಿ ಬರೆಯುತ್ತೇನೆ, ನಿಮ್ಮ ಯಜಮಾನರ ಜೊತೆ ಕೂತು ಓದಿ.

ನಾನು ಪಶುವೈದ್ಯೆ. ಮರಿ ತರುವ ಮುಂಚೆ ಸಲಹೆ ಕೇಳಲು ಬರುವ ಅಪ್ಪ ಅಮ್ಮಂದಿರು ಸಾಮಾನ್ಯವಾಗಿ ಮೊದಲು ಹೇಳುವುದು ಮಗುವಿಗೆ ನಾಯಿ ಎಷ್ಟು ಇಷ್ಟ ಅಂತ. ಯಾವ ನಾಯಿ ಕಂಡರೂ ಮುಟ್ಟೋಕೆ ಓಡುತ್ತಾನೆ. ನಾಯಿ ಚಿತ್ರ ಇರುವ ಅಂಗಿಯೇ ಬೇಕು ಅನ್ನುತ್ತಾಳೆ. ಈ ಪ್ರೀತಿ ನಿಜವಾದದ್ದೇ. ಆದರೆ ಮಗು ಸಿದ್ಧವಾಗಿದೆಯಾ ಅಂತ ನಿರ್ಧರಿಸೋಕೆ ಅದು ಸಾಲದು. ನಾಯಿ ಕಂಡರೆ ಹೆದರುವ ಮಗು ಮರಿಯಿಂದ ದೂರವೇ ಇರುತ್ತದೆ. ಮರಿಗೆ ಜಾಸ್ತಿ ಕಾಟ ಆಗುವುದು ಪ್ರೀತಿ ಉಕ್ಕಿ ಬಂದಾಗ ಕೈ ತಡೆಯಲಾಗದ ಮಗುವಿನಿಂದ.

ಹಾಗಾಗಿ ನಾನು ಮುಖ್ಯವಾಗಿ ನೋಡುವುದು ಒಂದನ್ನೇ. ಮಗುವಿಗೆ ನಿಲ್ಲಿಸಲು ಬರುತ್ತದಾ? ಮುಟ್ಟಬೇಕು ಅಂತ ತುಂಬ ಆಸೆ ಇದೆ, ಎದುರಿಗಿರುವ ಪ್ರಾಣಿ ಬೇಡ ಅನ್ನುತ್ತಿದೆ. ಆಗ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲು ಆಗುತ್ತದಾ? ಅಷ್ಟು ಬಂದರೆ ಮಿಕ್ಕಿದ್ದನ್ನೆಲ್ಲ ಕಲಿಸಬಹುದು. ಅದು ಬಾರದಿದ್ದರೆ ಎಷ್ಟು ನಿಯಮ ಹೇಳಿಕೊಟ್ಟರೂ ಬೇಕಾದ ಹೊತ್ತಿಗೆ ಒಂದೂ ನೆನಪಾಗುವುದಿಲ್ಲ.

4 ವರ್ಷದ ಮಗುವಿಗೆ ಇದು ಇನ್ನೂ ಬಂದಿಲ್ಲ ಅಂದರೆ ಅದು ಅವನ ತಪ್ಪಲ್ಲ. ನೀವು ಬೆಳೆಸಿದ ರೀತಿಯಲ್ಲೂ ತಪ್ಪಿಲ್ಲ. ಆ ವಯಸ್ಸೇ ಹಾಗೆ. ಅಮೆರಿಕದಲ್ಲಿ ಮಕ್ಕಳ ಮನೋವೈದ್ಯರ ಒಂದು ಸಂಘ ಇದೆ, ಅಮೆರಿಕನ್ ಅಕಾಡೆಮಿ ಆಫ್ ಚೈಲ್ಡ್ ಅಂಡ್ ಅಡಾಲಸೆಂಟ್ ಸೈಕಿಯಾಟ್ರಿ ಅಂತ. ಅವರು ಪೋಷಕರಿಗೆ ಹೇಳುವುದು ಎರಡು ಮಾತು. 3-4 ವರ್ಷದೊಳಗಿನ ಮಕ್ಕಳಿಗೆ ತಮ್ಮ ಸಿಟ್ಟು, ಆವೇಶ ತಡೆದುಕೊಳ್ಳುವಷ್ಟು ಬುದ್ಧಿ ಬಲಿತಿರುವುದಿಲ್ಲ, ಸಾಕುಪ್ರಾಣಿಯ ಹತ್ತಿರ ಇರುವಾಗ ಅವರ ಮೇಲೆ ಸದಾ ಕಣ್ಣಿರಬೇಕು. ಇನ್ನು 10 ವರ್ಷದೊಳಗಿನ ಮಕ್ಕಳು ನಾಯಿಯನ್ನಾಗಲಿ ಬೆಕ್ಕನ್ನಾಗಲಿ ತಾವೇ ಪೂರ್ತಿ ನೋಡಿಕೊಳ್ಳಲಾರರು. ಎರಡನೆಯ ಮಾತು ನಿಮ್ಮ ಮಗಳಿಗೂ ಅನ್ವಯಿಸುತ್ತದೆ ನೋಡಿ. ನಾಯಿ ತರಲು ಮಗುವಿಗೆ 5-6 ವರ್ಷ ತುಂಬುವವರೆಗೆ ಕಾಯಿರಿ ಅಂತ ಅನೇಕ ಮಕ್ಕಳ ವೈದ್ಯರೂ ಹೇಳುತ್ತಾರೆ.

ವಯಸ್ಸು ಒಂದು ಅಂದಾಜು ಮಾತ್ರ. ಮರಿಯ ಪಕ್ಕ ನೆಲದ ಮೇಲೆ ಸುಮ್ನೆ ಕೂತು, ಅದು ತಾನಾಗಿ ಬರುವವರೆಗೆ ಕಾಯುವ 5 ವರ್ಷದ ಮಕ್ಕಳನ್ನು ನೋಡಿದ್ದೇನೆ. ಬಿಟ್ಟುಬಿಡು ಅಂತ ಅಪ್ಪ ಹೇಳುತ್ತಿದ್ದರೂ ಮರಿಯನ್ನು ಎತ್ತಿಕೊಂಡು ಓಡುವ 8 ವರ್ಷದವರನ್ನೂ ನೋಡಿದ್ದೇನೆ. ಆದ್ದರಿಂದ ನಿಮ್ಮ ಮಕ್ಕಳನ್ನು ಮನೆಯಲ್ಲೇ ಕೆಲವು ವಾರ ಗಮನಿಸಿ. ಪರೀಕ್ಷೆ ಅಂತ ಅವರಿಗೆ ಹೇಳಬೇಡಿ, ಹೇಳಿದರೆ ಎರಡು ದಿನ ತುಂಬ ಒಳ್ಳೆಯವರಾಗಿಬಿಡುತ್ತಾರೆ.

ಗಮನಿಸಲು ಒಳ್ಳೆಯ ಹೊತ್ತು ಸಂಜೆ. ಬೆಳಿಗ್ಗೆ ನಿದ್ದೆ ಮಾಡಿ ಎದ್ದ ಮಗು ಯಾರ ಮಾತನ್ನಾದರೂ ಕೇಳುತ್ತದೆ. ಸುಸ್ತಾಗಿ, ಹಸಿದು, ಕಿರಿಕಿರಿ ಮಾಡುತ್ತಿರುವಾಗ ಏನು ಮಾಡುತ್ತದೆ ನೋಡಿ. ಸಿಟ್ಟು ಬಂದರೆ ಕೈಯಲ್ಲಿದ್ದದ್ದನ್ನು ಎಸೆಯುತ್ತದಾ? ಅಕ್ಕನಿಗೆ ಹೊಡೆಯುತ್ತದಾ? ಅಳುತ್ತಾ ನಿಮ್ಮ ಹತ್ತಿರ ಬರುತ್ತದಾ? ಅಳು ಬಂದರೆ ತೊಂದರೆ ಇಲ್ಲ. ಎಸೆಯುವ, ಹೊಡೆಯುವ ಕೈಗೆ ಮರಿ ಸಿಗಬಾರದು. ಯಾಕೆಂದರೆ ಮರಿಯ ಕಾಟ ಜಾಸ್ತಿಯಾಗುವುದೂ ಅದೇ ಸಂಜೆ ಹೊತ್ತಿನಲ್ಲೇ.

ಇನ್ನೊಂದು, ಯಾರಾದರೂ ಬೇಡ ಅಂದಾಗ ಮಗು ಏನು ಮಾಡುತ್ತದೆ? ಅಕ್ಕನಿಗೆ ಕಚಗುಳಿ ಇಡುತ್ತಿದ್ದಾನೆ ಅಂದುಕೊಳ್ಳಿ. ಅವಳು "ಸಾಕು" ಅಂದ ತಕ್ಷಣ ಬಿಡುತ್ತಾನಾ, ಅಥವಾ ಅವಳು ಕಿರುಚುವವರೆಗೂ ನಡೆಯುತ್ತದಾ? ಮಲಗಿರುವವರನ್ನು ಎಬ್ಬಿಸಬೇಡ ಅಂದರೆ ಕೇಳುತ್ತಾನಾ? ತನಗಿಂತ ಚಿಕ್ಕ ಮಗು ಕೈ ಕೊಸರಿಕೊಂಡರೆ ಬಿಡುತ್ತಾನಾ? ಮರಿಗೆ ಬಾಯಲ್ಲಿ ಸಾಕು ಅನ್ನೋಕೆ ಬರುವುದಿಲ್ಲ. ಮನುಷ್ಯರ ಮಾತಿನ "ಸಾಕು" ಕೇಳಿಸಿಕೊಳ್ಳದ ಮಗು ಮರಿಯ ಮೈಯ "ಸಾಕು" ಕೇಳಿಸಿಕೊಳ್ಳಲಾರದು.

ಇದನ್ನು ಆಟದಲ್ಲೇ ಕಲಿಸಬಹುದು. ಸ್ಟ್ಯಾಚು ಆಟ ಆಡಿಸಿ. ಜೋರಾಗಿ ಓಡುತ್ತಿರುವಾಗ ಸ್ಟ್ಯಾಚು ಅನ್ನಿ, ಕೈ ಕಟ್ಟಿ, ಬಾಯಿ ಮುಚ್ಚಿ, ನೆಲ ನೋಡಿಕೊಂಡು ನಿಲ್ಲಬೇಕು. ಮುಂದೆ ಮರಿ ಬಂದು ಬಟ್ಟೆ ಕಚ್ಚಿ ಎಳೆದಾಗ ಮಾಡಬೇಕಾದದ್ದೂ ಇದನ್ನೇ. ಈಗಲೇ ರೂಢಿ ಆದರೆ ಆಗ ಹೇಳಿಕೊಡುವ ಕಷ್ಟ ಇರುವುದಿಲ್ಲ. ಮೊದಲ ವಾರ ಅವನಿಗೆ ಒಂದು ಕ್ಷಣವೂ ನಿಲ್ಲೋಕೆ ಆಗದೇ ಇರಬಹುದು. ಬೈಯಬೇಡಿ, ಆಡುತ್ತಾ ಹೋಗಿ.

ತಬ್ಬಿಕೊಳ್ಳುತ್ತಾನೆ, ಕಿವಿ ಎಳೆಯುತ್ತಾನೆ ಅಂತ ಬರೆದಿದ್ದೀರಲ್ಲ, ಅದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ನನಗೆ ನಿಜವಾಗಿ ಆತಂಕ ಆಗಿದ್ದು ಆ ಒಂದು ಸಾಲು ಓದಿ.

ಮಕ್ಕಳಿಗೆ ನಾಯಿ ಕಚ್ಚಿತು ಅಂದರೆ ನಮ್ಮ ತಲೆಗೆ ಬರುವುದು ಎಲ್ಲಿಂದಲೋ ಬಂದ ಅಪರಿಚಿತ ನಾಯಿ. ಆದರೆ ಚಿಕ್ಕ ಮಕ್ಕಳಿಗೆ ಕಚ್ಚುವುದು ಹೆಚ್ಚಾಗಿ ಪರಿಚಯದ ನಾಯಿಯೇ. ಮನೆಯದ್ದು, ಪಕ್ಕದವರದ್ದು, ನೆಂಟರದ್ದು. ಮಗು ಕುಳ್ಳಗಿರುವುದರಿಂದ ಅದರ ಮುಖ ನಾಯಿಯ ಮುಖದ ಎತ್ತರಕ್ಕೇ ಬರುತ್ತದೆ. ಹಾಗಾಗಿ ಪುಟ್ಟ ಮಕ್ಕಳಲ್ಲಿ ಗಾಯ ಆಗುವುದು ಜಾಸ್ತಿ ಮುಖ, ತಲೆ, ಕತ್ತಿಗೆ. ನಾಯಿಗೆ ದ್ವೇಷ ಇರುವುದಿಲ್ಲ. ಅದು ಅಷ್ಟು ಹೊತ್ತೂ ಬೇಡ ಬೇಡ ಅಂತ ಹೇಳುತ್ತಲೇ ಇರುತ್ತದೆ. ಯಾರೂ ಗಮನಿಸಿರುವುದಿಲ್ಲ ಅಷ್ಟೇ.

ಹೇಗೆ ಹೇಳುತ್ತದೆ ಗೊತ್ತಾ? ಮೊದಲು ಮುಖ ಆಚೆ ತಿರುಗಿಸುತ್ತದೆ. ಹಸಿವಿಲ್ಲದಿದ್ದರೂ ತುಟಿ, ಮೂಗು ನೆಕ್ಕಿಕೊಳ್ಳುತ್ತದೆ. ನಿದ್ದೆ ಇಲ್ಲದಿದ್ದರೂ ಆಕಳಿಸುತ್ತದೆ. ಕಿವಿ ಹಿಂದಕ್ಕೆ ಹೋಗುತ್ತದೆ, ಬಾಲ ಕಾಲಸಂದಿಗೆ ಸೇರುತ್ತದೆ. ತಲೆ ಒಂದು ಕಡೆ, ನೋಟ ಇನ್ನೊಂದು ಕಡೆ ಇದ್ದು ಕಣ್ಣಿನ ಬಿಳಿ ಎದ್ದು ಕಾಣುತ್ತದೆ. ಆಮೇಲೆ ಮೈ ಬಿಗಿ ಮಾಡಿಕೊಂಡು ಅಲ್ಲಾಡದೆ ನಿಂತುಬಿಡುತ್ತದೆ. ಮನೆಯವರು "ಎಷ್ಟು ಸಾಧು ನೋಡಿ, ಏನು ಮಾಡಿದರೂ ಸುಮ್ಮನಿರುತ್ತೆ" ಅಂತ ಫೋಟೊ ತೆಗೆಯುವುದು ಈ ಹೊತ್ತಿನಲ್ಲೇ. ಇದು ಕೊನೆಯ ಎಚ್ಚರಿಕೆಗೆ ತುಂಬ ಹತ್ತಿರ. ಇದಾದ ಮೇಲೆ ಗುರ್ ಅನ್ನುತ್ತದೆ, ಹಲ್ಲು ತೋರಿಸುತ್ತದೆ. ಅದಕ್ಕೂ ಬಿಡದಿದ್ದರೆ ಕಚ್ಚುತ್ತದೆ. ಬಾಲ ಅಲ್ಲಾಡಿಸುತ್ತಿದೆ, ಖುಷಿಯಾಗಿದೆ ಅನ್ನುವುದೂ ಯಾವಾಗಲೂ ನಿಜವಲ್ಲ. ಮೈ ಬಿಗಿಯಾಗಿ, ಬಾಲ ಮೇಲೆತ್ತಿ ಗಡಸಾಗಿ ಆಡಿಸುತ್ತಿದ್ದರೆ ದೂರ ಇರಬೇಕು.

ದೊಡ್ಡವರಿಗೇ ಇದು ಕಾಣುವುದಿಲ್ಲ, 4 ವರ್ಷದವನಿಗೆ ಹೇಗೆ ಕಾಣಬೇಕು? ಬ್ರಿಟನ್ನಿನ ಲಿಂಕನ್ ವಿಶ್ವವಿದ್ಯಾಲಯದ ಸಂಶೋಧಕರು ಪುಟ್ಟ ಮಕ್ಕಳಿಗೆ ನಾಯಿಗಳನ್ನು ತೋರಿಸಿ, ಇದಕ್ಕೆ ಹೇಗನ್ನಿಸುತ್ತಿದೆ ಅಂತ ಕೇಳಿದ್ದರು. ಹಲ್ಲು ಕಿರಿದ ನಾಯಿಯನ್ನು ನೋಡಿ ಅದು ನಗುತ್ತಿದೆ ಅಂದ ಮಕ್ಕಳು ಅನೇಕರು. ಸಿಟ್ಟಾದ ನಾಯಿಯನ್ನು ಖುಷಿಯಾಗಿದೆ ಅಂದುಕೊಂಡ ಮಗು ಏನು ಮಾಡುತ್ತದೆ? ಮುತ್ತು ಕೊಡೋಕೆ ಹೋಗುತ್ತದೆ. ಸಮಾಧಾನದ ವಿಷಯ ಅಂದರೆ, ನಾಯಿಯ ಮುಖ, ಮೈ ಓದುವುದನ್ನು ಕಲಿಸಿದ ಮೇಲೆ ಮಕ್ಕಳು ಮೊದಲಿಗಿಂತ ಚೆನ್ನಾಗಿ ಗುರುತಿಸಿದರು. ಅಂದರೆ ಕಲಿಸಬಹುದು. ಮರಿ ಬರುವ ಮುಂಚೆ ಕಲಿಸಬೇಕು, ಅಷ್ಟೇ.

ತಬ್ಬಿಕೊಳ್ಳುವುದು ನಮಗೆ ಪ್ರೀತಿ. ನಾಯಿಗೆ ಅದು ತಪ್ಪಿಸಿಕೊಳ್ಳಲಾಗದ ಹಿಡಿತ. ಮಗನಿಗೆ ಇದರ ಬದಲಿಗೆ ಬೇರೆ ಒಂದು ರೀತಿ ಕಲಿಸಿ. ನೆಲದ ಮೇಲೆ ಕೂರಬೇಕು. ನಾಯಿಯೇ ಹತ್ತಿರ ಬರಬೇಕು. ಬಂದರೆ ಒಂದೇ ಕೈಯಲ್ಲಿ ಎದೆಯ ಹತ್ತಿರ ಅಥವಾ ಹೆಗಲ ಪಕ್ಕ ಸವರಬೇಕು. ಮನಸ್ಸಿನಲ್ಲಿ ಮೂರು ಎಣಿಸಿ ಕೈ ತೆಗೆಯಬೇಕು. ನಾಯಿ ಇನ್ನೂ ಹತ್ತಿರ ಬಂದು ಒರಗಿದರೆ ಮತ್ತೆ ಸವರಬಹುದು. ಎದ್ದು ಹೋದರೆ ಹೋಗಲಿ, ಹಿಂದೆ ಹೋಗಬಾರದು. ಎಣಿಸುವ ಆಟ ಇರುವುದರಿಂದ ಮಕ್ಕಳಿಗೆ ಇದು ಬೇಗ ಹಿಡಿಸುತ್ತದೆ. ನಾನು ಮಕ್ಕಳಿಗೆ ಹೇಳಿಕೊಡುವ ವಿಷಯಗಳಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಇದೇ ಅಂತ ನನ್ನ ನಂಬಿಕೆ.

ಇದರ ಜೊತೆಗೇ ದೊಡ್ಡವರಿಗೆ ಒಂದು ಮಾತು. ಮರಿ ಗುರ್ ಅಂದರೆ ಅದಕ್ಕೆ ಹೊಡೆಯಬೇಡಿ, ಗದರಬೇಡಿ. ಗುರುಗುಟ್ಟುವುದು ಅದರ ಎಚ್ಚರಿಕೆ. ಹೊಡೆದು ಹೊಡೆದು ಅದನ್ನು ನಿಲ್ಲಿಸಿದರೆ ಎಚ್ಚರಿಕೆ ಹೋಗುತ್ತದೆ, ಸಿಟ್ಟು ಹಾಗೇ ಇರುತ್ತದೆ. ಮುಂದೆ ಅದು ಹೇಳದೆ ಕೇಳದೆ ಕಚ್ಚುವ ನಾಯಿ ಆಗಬಹುದು. ಗುರ್ ಅಂದಾಗ ಮಗುವನ್ನು ಕರೆದುಕೊಳ್ಳಿ. ಯಾಕೆ ಗುರ್ ಅಂದಿತು ಅಂತ ಆಮೇಲೆ ಯೋಚಿಸಿ.

ಈಗ ಮರಿಯ ಕಡೆ ನೋಡೋಣ. ಅನೇಕರ ಕಲ್ಪನೆಯಲ್ಲಿ ನಾಯಿಮರಿ ಅಂದರೆ ಮಗುವಿನ ತೊಡೆಯ ಮೇಲೆ ಮಲಗುವ ಮುದ್ದು ಪ್ರಾಣಿ. ಮಲಗುತ್ತದೆ ನಿಜ, ದಿನಕ್ಕೆ 18-20 ಗಂಟೆ ನಿದ್ದೆ ಬೇಕು ಅದಕ್ಕೆ. ಎದ್ದಿರುವ ಹೊತ್ತಿನಲ್ಲಿ ಮಾತ್ರ ಅದರ ಕೆಲಸವೇ ಕಚ್ಚುವುದು. ಒಡಹುಟ್ಟಿದ ಮರಿಗಳ ಜೊತೆ ಅದು ಆಡಿದ್ದೇ ಹಾಗೆ, ಬಾಯಿಂದ. 28 ಹಾಲುಹಲ್ಲು ಇರುತ್ತವೆ, ಎಲ್ಲವೂ ತುಂಬ ಚೂಪು. ಸುಮಾರು 4 ತಿಂಗಳಿಗೆ ಬೀಳಲು ಶುರುವಾಗಿ, 6-7 ತಿಂಗಳ ಹೊತ್ತಿಗೆ 42 ಶಾಶ್ವತ ಹಲ್ಲು ಬಂದಿರುತ್ತವೆ. ಅಲ್ಲಿಯವರೆಗೆ ವಸಡು ನವೆಯಾಗಿ ಸಿಕ್ಕಿದ್ದನ್ನೆಲ್ಲ ಅಗಿಯುತ್ತದೆ. ಚಪ್ಪಲಿ, ಗೊಂಬೆ, ಪ್ಯಾಂಟಿನ ತುದಿ, ಕೈ ಬೆರಳು.

4 ವರ್ಷದ ಮಗು ಇದಕ್ಕೆ ಏನು ಮಾಡುತ್ತದೆ? ಕಿರುಚುತ್ತದೆ, ಕೈ ಮೇಲೆತ್ತುತ್ತದೆ, ಓಡುತ್ತದೆ. ಮರಿಗೆ ಇದು ಆಟಕ್ಕೆ ಕರೆದ ಹಾಗೆ. ಅಟ್ಟಿಸಿಕೊಂಡು ಹೋಗಿ ಕಾಲಿಗೆ ಬಾಯಿ ಹಾಕುತ್ತದೆ. ಮಗು ಬೀಳುತ್ತದೆ. ಎರಡು ವಾರ ಹೀಗೆ ನಡೆದರೆ, ನಾಯಿ ಅಂದರೆ ಪ್ರಾಣ ಅನ್ನುತ್ತಿದ್ದ ಮಗು ಸೋಫಾ ಮೇಲಿಂದ ಕೆಳಗೆ ಇಳಿಯುವುದಿಲ್ಲ. ಮರಿ ತಂದು ಒಂದು ತಿಂಗಳೊಳಗೆ "ಇದು ತುಂಬ ಸಿಟ್ಟಿನ ಮರಿ, ಯಾರಾದರೂ ತೆಗೆದುಕೊಳ್ಳುತ್ತಾರಾ" ಅಂತ ಕೇಳಿಕೊಂಡು ಬರುವ ಮನೆಗಳಲ್ಲಿ ನಡೆದಿರುವುದು ಸಾಮಾನ್ಯವಾಗಿ ಇದೇ. ಇಂಥ ಒಂದು ಕುಟುಂಬ ಹತ್ತು ವಾರದ ಮರಿಯನ್ನು ಕರೆತಂದಿತ್ತು. ಮನೆಯಲ್ಲಿ ಇಬ್ಬರು ಚಿಕ್ಕ ಮಕ್ಕಳು. ದಿನಚರಿ ಕೇಳಿದರೆ, ಮರಿ ಮಲಗಿದಾಗೆಲ್ಲ ಮಕ್ಕಳು ಎತ್ತಿಕೊಳ್ಳುತ್ತಿದ್ದರು. ಅದಕ್ಕೆ ಹಗಲೆಲ್ಲ ನಿದ್ದೆಯೇ ಇರಲಿಲ್ಲ. ಮಕ್ಕಳು ಕಾಲಿಡದ ಒಂದು ಮೂಲೆಗೆ ಅಡ್ಡ ಹಾಕಿ, ಅಲ್ಲಿ ಮಲಗಿಸಿ ಅಂದೆ. ನಿದ್ದೆ ಸಿಕ್ಕ ಮೇಲೆ ಕಚ್ಚುವುದು ತಾನಾಗಿ ಇಳಿಯಿತು. ಮರಿಗೆ ಇಂಥ ಜಾಗ ಇರಲೇಬೇಕು. ಅದು ಅಲ್ಲಿ ಹೋಗಿ ಮಲಗಿದರೆ ಯಾರೂ ಮುಟ್ಟಬಾರದು, ಉಣ್ಣುತ್ತಿರುವಾಗಲೂ ಮುಟ್ಟಬಾರದು. ಈ ಎರಡು ನಿಯಮ ಮಕ್ಕಳಿಂದ ಪಾಲಿಸಲು ಆಗದಿದ್ದರೆ ಮರಿ ಬೇಡ.

ಇನ್ನು ನಿಮ್ಮ ಯಜಮಾನರ ಮಾತು. ನಾಯಿ ಬಂದರೆ ಮಕ್ಕಳಿಗೆ ಜವಾಬ್ದಾರಿ ಬರುತ್ತದೆ. ಈ ಮಾತಿನಲ್ಲಿ ಸತ್ಯ ಇಲ್ಲದಿಲ್ಲ. ಆದರೆ ನಾನು ಇದನ್ನು ತಿರುಗಿಸಿ ನೋಡಲು ಕೇಳುತ್ತೇನೆ. ಮಗಳು ಒಂದು ದಿನ ಮರೆತರೆ ಏನಾಗುತ್ತದೆ? ಗಿಡಕ್ಕೆ ನೀರು ಹಾಕುವುದು ಮರೆತರೆ ಗಿಡ ಬಾಡುತ್ತದೆ, ಪಾಠ ಕಲಿತಳು ಅಂತ ಬಿಡಬಹುದು. ಮರಿಗೆ ನೀರು ಇಡುವುದು ಮರೆತಳು ಅಂತ ಪಾಠ ಕಲಿಸೋಕೆ ಮರಿಯನ್ನು ಬಾಯಾರಿಸಿ ಇಡಲು ಆಗುವುದಿಲ್ಲ. ನೀವೇ ಎದ್ದು ಇಡಬೇಕು. ಅಂದರೆ ಮೊದಲ ದಿನದಿಂದಲೂ ಅದು ನಿಮ್ಮಿಬ್ಬರ ನಾಯಿ. ಮಕ್ಕಳು ಕೈ ಜೋಡಿಸುತ್ತಾರೆ.

ಗೋಡೆಯ ಮೇಲಿನ ಆ ಕಾಗದವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ಅವಳು ಮನಸಾರೆ ಬರೆದಿದ್ದಾಳೆ. ಆದರೆ 9 ವರ್ಷದವಳು ಹತ್ತು ಹನ್ನೆರಡು ವರ್ಷಕ್ಕೆ ಮಾತು ಕೊಡಲಾರಳು. ನಾಯಿಗಳು ಸಾಮಾನ್ಯವಾಗಿ 10-13 ವರ್ಷ ಬದುಕುತ್ತವೆ, ಚಿಕ್ಕ ತಳಿಗಳು ಇನ್ನೂ ಜಾಸ್ತಿ. ನಾಯಿ ಮುದಿಯಾಗುವ ಹೊತ್ತಿಗೆ ಅವಳು ಕಾಲೇಜು ಮುಗಿಸಿ ಬೇರೆಲ್ಲೋ ಇರಬಹುದು. ಅದಕ್ಕಿಂತ ಮುಂಚೆ ಪರೀಕ್ಷೆಗಳಿರುತ್ತವೆ, ಸ್ನೇಹಿತೆಯರಿರುತ್ತಾರೆ, ಹೊಸ ಆಸೆಗಳಿರುತ್ತವೆ. ಇದೆಲ್ಲ ಆಗಬೇಕಾದದ್ದೇ. ನೀವಿಬ್ಬರೂ ನಿಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇಷ್ಟು: ಮಕ್ಕಳಿಗೆ ಆರು ತಿಂಗಳಲ್ಲಿ ಬೇಜಾರಾಯಿತು ಅಂದರೂ ಈ ನಾಯಿ ನಮಗೆ ಬೇಕಾ? ಇಬ್ಬರಲ್ಲಿ ಒಬ್ಬರಾದರೂ ಮನಸ್ಸಿನಿಂದ ಹೌದು ಅನ್ನಬೇಕು, ಇನ್ನೊಬ್ಬರು ಅದಕ್ಕೆ ಒಪ್ಪಬೇಕು. ಮಕ್ಕಳಿಗೋಸ್ಕರ ಅಂತಷ್ಟೇ ತಂದ ನಾಯಿಯನ್ನು ಕೊನೆಗೆ ಯಾರೂ ನೋಡಿಕೊಳ್ಳದೆ ಕಟ್ಟಿಹಾಕಿರುವುದನ್ನು ನೋಡಿದರೆ ಸಂಕಟ ಆಗುತ್ತದೆ.

9 ವರ್ಷದವಳು ಏನೇನು ಮಾಡಬಹುದು ಅಂದರೆ, ಅಳತೆ ಮಾಡಿಟ್ಟ ಊಟ ಬಟ್ಟಲಿಗೆ ಹಾಕಬಹುದು. ನೀರು ಬದಲಿಸಬಹುದು. ಕೂರು, ಬಾ ಅನ್ನುವುದನ್ನು ತಿಂಡಿ ಕೊಟ್ಟು ಕಲಿಸಬಹುದು, ಇದರಲ್ಲಿ ಮಕ್ಕಳು ಕೆಲವೊಮ್ಮೆ ದೊಡ್ಡವರಿಗಿಂತ ತಾಳ್ಮೆ ತೋರಿಸುತ್ತಾರೆ. ಕೂದಲು ಬಾಚಬಹುದು. ಹೊರಗೆ ಹೋದಾಗ ಹಗ್ಗ ನಿಮ್ಮ ಕೈಯಲ್ಲೇ ಇರಲಿ, ಎದುರಿಂದ ಇನ್ನೊಂದು ನಾಯಿ ಬಂದರೆ ಅವಳಿಂದ ಹಿಡಿಯಲು ಆಗುವುದಿಲ್ಲ. 4 ವರ್ಷದವನು ನಿಮ್ಮ ಕಣ್ಣೆದುರು ಆಟಿಕೆ ಎಸೆಯಬಹುದು, ನೀವು ತುಂಬಿಕೊಟ್ಟ ಬಟ್ಟಲನ್ನು ನೆಲದ ಮೇಲೆ ಇಡಬಹುದು. ಅವನೊಬ್ಬನನ್ನೇ ಮರಿಯ ಜೊತೆ ಬಿಟ್ಟು ಒಂದು ನಿಮಿಷವೂ ಬೇರೆ ಕೋಣೆಗೆ ಹೋಗುವ ಹಾಗಿಲ್ಲ. ನೋಡಿಕೊಳ್ಳುವುದು ಅಂದರೆ ಅದೇ ಕೋಣೆಯಲ್ಲಿ ಫೋನ್ ನೋಡುತ್ತಾ ಕೂರುವುದಲ್ಲ, ಕೈಗೆಟಕುವ ದೂರದಲ್ಲಿ ಇರುವುದು. ಅಕ್ಕನನ್ನು ಕಾವಲಿಗೆ ಕೂರಿಸುವುದೂ ಸರಿಯಲ್ಲ. ಏನಾದರೂ ಆದರೆ ಆ ಹೊರೆ ಅವಳ ಮನಸ್ಸಿನ ಮೇಲೆ ಉಳಿದುಬಿಡುತ್ತದೆ.

ಈಗ ಹಗಲಿನ ಲೆಕ್ಕ. ಮರಿ ಕನಿಷ್ಠ 8 ವಾರ ತಾಯಿಯ ಜೊತೆ ಇರಬೇಕು, ಅದಕ್ಕಿಂತ ಮುಂಚೆ ತರಬಾರದು. ತಂದ ದಿನದಿಂದ ಕೆಲವು ತಿಂಗಳು ದಿನಕ್ಕೆ 3-4 ಸಲ ಊಟ. 2 ತಿಂಗಳ ಮರಿ 2-3 ಗಂಟೆಗಿಂತ ಜಾಸ್ತಿ ಉಚ್ಚೆ ಹಿಡಿದುಕೊಳ್ಳಲಾರದು. ಎದ್ದ ತಕ್ಷಣ, ಉಂಡ ತಕ್ಷಣ, ಆಡಿದ ತಕ್ಷಣ ಹೊರಗೆ ಕರೆದುಕೊಂಡು ಹೋಗಬೇಕು. ರಾತ್ರಿಯೂ ಏಳಬೇಕು. ಇದಲ್ಲದೆ, ಹುಟ್ಟಿದ 3ನೇ ವಾರದಿಂದ ಸುಮಾರು 12-14ನೇ ವಾರದವರೆಗೆ ಮರಿ ಜಗತ್ತನ್ನು ಪರಿಚಯ ಮಾಡಿಕೊಳ್ಳುವ ಕಾಲ. ಮನುಷ್ಯರು, ಸದ್ದು, ವಾಹನ, ಬೇರೆ ಪ್ರಾಣಿ, ಎಲ್ಲವನ್ನೂ ಹೆದರಿಕೆ ಇಲ್ಲದೆ ಒಪ್ಪಿಕೊಳ್ಳುವುದು ಆಗಲೇ. ಆ ವಾರಗಳನ್ನು ಖಾಲಿ ಮನೆಯಲ್ಲಿ ಕೂಡಿಹಾಕಿ ಕಳೆದರೆ ಮುಂದೆ ಅಂಜುಬುರುಕ ನಾಯಿ ಆಗುವ ಸಾಧ್ಯತೆ ಹೆಚ್ಚು. ಅಂಜಿದ ನಾಯಿ ಕಚ್ಚುವುದೂ ಬೇಗ. ಹಾಗಾಗಿ ಮೊದಲ ಎರಡು ಮೂರು ತಿಂಗಳು ಹಗಲಿನಲ್ಲಿ ಒಬ್ಬ ದೊಡ್ಡವರು ಮನೆಯಲ್ಲಿ ಇರುವ ಏರ್ಪಾಡು ಆಗಬೇಕು. ರಜೆ ಹಾಕುತ್ತೀರೋ, ಸರದಿ ಮಾಡಿಕೊಳ್ಳುತ್ತೀರೋ, ನಂಬಿಕೆಯ ಬೇರೆಯವರು ಇರುತ್ತಾರೋ, ಅದು ನಿಮಗೆ ಬಿಟ್ಟದ್ದು. ಏರ್ಪಾಡು ಆಗದಿದ್ದರೆ, ಮಕ್ಕಳು ಎಷ್ಟೇ ಸಿದ್ಧರಿದ್ದರೂ ಮರಿ ತರಬೇಡಿ.

ಆರು ತಿಂಗಳು ಕಳೆದರೆ ಕಷ್ಟ ಮುಗಿಯಿತು ಅಂತಲೂ ಇಲ್ಲ. ನಾಯಿಗಳಿಗೂ ಹರೆಯ ಇದೆ. 2020ರಲ್ಲಿ ಬ್ರಿಟನ್ನಿನ ಸಂಶೋಧಕರು ಪ್ರಕಟಿಸಿದ ಒಂದು ಅಧ್ಯಯನದಲ್ಲಿ, 5 ತಿಂಗಳಲ್ಲಿ ಮಾತು ಕೇಳುತ್ತಿದ್ದ ಮರಿಗಳು 8 ತಿಂಗಳ ಹೊತ್ತಿಗೆ ತಮ್ಮನ್ನು ಸಾಕಿದವರ ಮಾತು ಕೇಳುವುದು ಕಡಿಮೆ ಮಾಡಿದ್ದವು. ಅದು ಹೋಗುತ್ತದೆ, ಆದರೆ ಆ ತಿಂಗಳುಗಳಲ್ಲಿ ತಾಳ್ಮೆ ಬೇಕು. ನಾಯಿಗಳನ್ನು ಬೇರೆಯವರಿಗೆ ಕೊಟ್ಟುಬಿಡುವ ಯೋಚನೆ ಅನೇಕರಿಗೆ ಬರುವುದೂ ಆಗಲೇ.

ಆರೋಗ್ಯದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಮರಿಗೆ ಜಂತುಹುಳ ತಾಯಿಯಿಂದಲೇ ಬರುತ್ತದೆ, ಅದರ ಮೊಟ್ಟೆ ಮಣ್ಣಿನ ಮೂಲಕ ಮಕ್ಕಳ ಹೊಟ್ಟೆ ಸೇರಬಹುದು. ಅದಕ್ಕೇ ಮರಿಗೆ ಹೊತ್ತಿಗೆ ಸರಿಯಾಗಿ ಜಂತುಹುಳದ ಔಷಧಿ ಕೊಡಿಸಬೇಕು, ಮಕ್ಕಳು ಉಣ್ಣುವ ಮುಂಚೆ ಕೈ ತೊಳೆಯಬೇಕು. ಬೆರಳು ಚೀಪುವ ಮಗು ಇದ್ದರೆ ಇನ್ನೂ ಎಚ್ಚರ ಬೇಕು. ಪಾರ್ವೊ, ಡಿಸ್ಟೆಂಪರ್ ಅನ್ನುವ ಸೋಂಕುರೋಗಗಳ ಲಸಿಕೆಗಳು 6-8 ವಾರಕ್ಕೆ ಶುರುವಾಗಿ 16 ವಾರದವರೆಗೂ ಕಂತುಗಳಲ್ಲಿ ನಡೆಯುತ್ತವೆ, ರೇಬೀಸ್ ಲಸಿಕೆ ಸಾಮಾನ್ಯವಾಗಿ 12 ವಾರ ತುಂಬಿದ ಮೇಲೆ. ಮನೆಯಲ್ಲಿ ಯಾರಿಗಾದರೂ ಅಲರ್ಜಿ, ಉಬ್ಬಸ ಇದ್ದರೆ ನಾಯಿ ಇರುವ ಮನೆಯಲ್ಲಿ ಕೆಲವು ಸಲ ಹೊತ್ತು ಕಳೆದು ನೋಡಿ. ಅಲರ್ಜಿಯೇ ಬಾರದ ತಳಿ ಅಂತ ಯಾವುದೂ ಇಲ್ಲ.

ಒಂದನ್ನು ಮಾತ್ರ ಬಿಡಿಸಿ ಹೇಳಬೇಕು. ಕಚ್ಚಿದ್ದನ್ನು, ಪರಚಿದ್ದನ್ನು ಮಕ್ಕಳು ಮುಚ್ಚಿಡುತ್ತಾರೆ. ಬೈಸಿಕೊಳ್ಳಬೇಕಾಗುತ್ತೆ ಅನ್ನುವ ಹೆದರಿಕೆ, ಮರಿಯನ್ನು ಕಳಿಸಿಬಿಡುತ್ತಾರೆ ಅನ್ನುವ ಹೆದರಿಕೆ. ರೇಬೀಸ್ ಮನುಷ್ಯರಿಗೆ ಬರುವುದು ಬಹುಪಾಲು ನಾಯಿಗಳಿಂದ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಅದಕ್ಕೆ ಬಲಿಯಾಗುವವರಲ್ಲಿ ಸುಮಾರು 40% ಮಂದಿ 15 ವರ್ಷದೊಳಗಿನ ಮಕ್ಕಳು. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವುದು ಇಲ್ಲವೇ ಇಲ್ಲ ಅನ್ನಬಹುದು, ಆದರೆ ಕಚ್ಚಿದ ತಕ್ಷಣ ಚಿಕಿತ್ಸೆ ಆದರೆ ಖಂಡಿತ ತಡೆಯಬಹುದು. ಯಾವ ನಾಯಿ ಕಚ್ಚಿದರೂ, ಪುಟ್ಟ ಮರಿಯೇ ಇರಲಿ, ರಕ್ತ ಚಿಮ್ಮಲಿ ಬಿಡಲಿ, ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ವೈದ್ಯರಿಗೆ ತೋರಿಸಬೇಕು. "ಏನಾದರೂ ಕಚ್ಚಿದರೆ, ಪರಚಿದರೆ ಹೇಳು, ನಾನು ಯಾರಿಗೂ ಬೈಯಲ್ಲ" ಅಂತ ಇಬ್ಬರಿಗೂ ಈಗಲೇ ಹೇಳಿಡಿ. ಹೇಳುವಷ್ಟು ಧೈರ್ಯ, ಹೇಳುವಷ್ಟು ಮಾತು ಮಗುವಿಗೆ ಬಂದಿರಬೇಕು. ಇದೂ ಸಿದ್ಧತೆಯ ಒಂದು ಭಾಗವೇ ಅಲ್ವಾ?

ಹಾಗಾದರೆ ಈಗ ಏನು ಮಾಡುವುದು? ಮಗನಿಗೆ ಐದೂವರೆ, ಆರು ಆಗುವವರೆಗೆ ಕಾಯಿರಿ. ಅಷ್ಟೊತ್ತಿಗೆ ಮಗಳಿಗೂ 10 ದಾಟಿರುತ್ತದೆ. ಈ ಸಮಯವನ್ನು ಸುಮ್ನೆ ಕಳೆಯಬೇಡಿ. ಪರಿಚಯದವರ ಮನೆಯಲ್ಲಿ ವಯಸ್ಸಾದ, ಶಾಂತ ಸ್ವಭಾವದ ನಾಯಿ ಇದ್ದರೆ ಆಗಾಗ ಹೋಗಿ. ಮೂರು ಎಣಿಸಿ ಕೈ ತೆಗೆಯುವುದನ್ನು ಮಗ ಅಲ್ಲಿ ಕಲಿಯಲಿ, ನೀವು ಪಕ್ಕದಲ್ಲೇ ಇರಿ. ನಾಯಿ ಮುಖ ತಿರುಗಿಸಿದ್ದನ್ನು ನೀವು ಹೇಳುವ ಮುಂಚೆ ಅವನೇ ನೋಡಿ "ಅದಕ್ಕೆ ಸಾಕಂತೆ" ಅಂದ ದಿನ, ಅವನು ಬಹುಪಾಲು ಸಿದ್ಧವಾದ ಅಂತ ತಿಳಿಯಿರಿ.

ಮಗಳ ಜೊತೆ ಒಂದು ತಿಂಗಳು ಮರಿ ಇಲ್ಲದೆಯೇ ಮರಿ ಸಾಕಿ ನೋಡಿ. ಬೆಳಿಗ್ಗೆ ಬೇಗ ಎದ್ದು ದೊಡ್ಡವರೊಬ್ಬರ ಜೊತೆ ಹೊರಗೆ ಹೋಗಿಬರುವುದು, ಹೊತ್ತಿಗೆ ಸರಿಯಾಗಿ ಬಟ್ಟಲು ತೊಳೆದು ನೀರು ತುಂಬಿಡುವುದು, ನೆಲದ ಮೇಲೆ ಆಟಿಕೆ, ಪೆನ್ಸಿಲ್, ಚಾಕೊಲೇಟ್ ಬಿಡದಿರುವುದು. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ ನಾಯಿಗೆ ವಿಷ ಅಂತ ಅವಳಿಗೆ ಗೊತ್ತಾಗಲಿ. ಮೊದಲ ವಾರದ ಉತ್ಸಾಹ ನೋಡಿ ತೀರ್ಮಾನಿಸಬೇಡಿ, ಮೂರನೇ ವಾರ ನೋಡಿ. ಅವಳು ಕೆಲವು ದಿನ ತಪ್ಪಿಸಿದಳು ಅಂತ ಅನರ್ಹಳಾಗುವುದಿಲ್ಲ. ಆ ದಿನಗಳಲ್ಲಿ ನಿಮ್ಮಿಬ್ಬರಲ್ಲಿ ಯಾರು ಎದ್ದಿರಿ, ಬೇಜಾರಿಲ್ಲದೆ ಎದ್ದಿರಾ ಅನ್ನುವುದು ಜಾಸ್ತಿ ಮುಖ್ಯ.

ಮರಿಯೇ ಆಗಬೇಕು ಅಂತ ಹಟ ಬೇಡ ಅನ್ನುವುದು ನನ್ನ ವೈಯಕ್ತಿಕ ಅಭಿಪ್ರಾಯ. ಎರಡು ಮೂರು ವರ್ಷದ, ಮಕ್ಕಳ ಜೊತೆ ಬೆಳೆದ, ಸ್ವಭಾವ ಗೊತ್ತಿರುವ ನಾಯಿಗೆ ಮನೆ ಬೇಕಾಗಿದ್ದರೆ ನಿಮ್ಮಂಥ ಕುಟುಂಬಕ್ಕೆ ಅದು ಹೆಚ್ಚು ಹೊಂದುತ್ತದೆ. ಹಾಲುಹಲ್ಲಿನ ಕಾಟ ಮುಗಿದಿರುತ್ತದೆ, ಹರೆಯ ಕಳೆದಿರುತ್ತದೆ, ಹಗಲಿನಲ್ಲಿ ಕೆಲವು ಗಂಟೆ ಒಂಟಿಯಾಗಿ ಇರಬಲ್ಲದು. ಮಕ್ಕಳನ್ನು ಕರೆದುಕೊಂಡು ಹೋಗಿ ಒಂದಕ್ಕಿಂತ ಹೆಚ್ಚು ಸಲ ಭೇಟಿ ಮಾಡಿಸಿ, ನಾಯಿಯೇ ಮಗನ ಹತ್ತಿರ ಬರುತ್ತದಾ ನೋಡಿ.

ಮಗಳಿಗೆ ಹುಟ್ಟುಹಬ್ಬದ ದಿನ ಹೇಳಬೇಡಿ, ಅದಕ್ಕೂ ಮುಂಚೆ ಹೇಳಿ. "ನೋಡೋಣ" ಅಂತ ತೇಲಿಸಿದರೆ ಅವಳು ಪ್ರತಿದಿನ ಕಾಯುತ್ತಾಳೆ. ಕೂರಿಸಿಕೊಂಡು, ಈಗ ಆಗುವುದಿಲ್ಲ, ತಮ್ಮ ಇನ್ನೂ ಚಿಕ್ಕವನು, ಇಂಥ ಹೊತ್ತಿಗೆ ಮತ್ತೆ ಮಾತಾಡೋಣ ಅಂತ ತಿಂಗಳು, ವರ್ಷ ಸಮೇತ ಹೇಳಿ. ತಪ್ಪೆಲ್ಲ ತಮ್ಮನದ್ದು ಅಂತ ಅವಳಿಗೆ ಅನಿಸದಿರಲಿ, ಅಪ್ಪ ಅಮ್ಮನ ಕೆಲಸದ ಏರ್ಪಾಡೂ ಆಗಬೇಕು ಅನ್ನುವುದನ್ನು ಸೇರಿಸಿ. ಅವಳು ಅಳುತ್ತಾಳೆ, ಅಳಲಿ. ಆ ಕಾಗದವನ್ನು ಗೋಡೆಯಿಂದ ಕೀಳಬೇಡಿ. ಅದರ ಕೆಳಗೆ ನೀವಿಬ್ಬರೂ ನಿಮ್ಮ ಪಾಲಿನ ಕೆಲಸಗಳನ್ನು ಬರೆದು ಸಹಿ ಹಾಕಿ: ರಾತ್ರಿ ಏಳುವುದು ಯಾರು, ಹಗಲು ಮನೆಯಲ್ಲಿ ಇರುವುದು ಯಾರು, ಲಸಿಕೆಗೆ ಕರೆದುಕೊಂಡು ಹೋಗುವುದು ಯಾರು. ನಿಮ್ಮ ಸಾಲುಗಳು ತುಂಬಿದ ಮೇಲೆ ನಿಮಗೆ ಹತ್ತಿರದ ಪಶುವೈದ್ಯರನ್ನು ಒಮ್ಮೆ ಭೇಟಿ ಮಾಡಿ, ಮರಿ ಆರಿಸುವ ಮುಂಚೆಯೇ.